ಬಿಡುಗಡೆ ಆದವರ ಬಾಗಿಲು



ಇವತ್ತು ರಾಜಕೀಯ ಬೇಡ. ಇವತ್ತು ಒಂದು ಬಾಗಿಲಿನ ಕಥೆ ಹೇಳ್ತೀನಿ.

ಆನೆ ಸುದ್ದಿ ಮಾಡೋಕೆ ಅಂತ ಹಾಸನ ಜಿಲ್ಲೆಯ ಆಲೂರು ಕಡೆ ಹೋಗಿದ್ದೆ. ಸಕಲೇಶಪುರ, ಆಲೂರು ಅಂದ ತಕ್ಷಣ ಬೆಂಗಳೂರಿನಲ್ಲಿ ಕೂತ ನಮಗೆ ನೆನಪಾಗೋದು ಏನು? ವೀಕೆಂಡು, ಹೋಂಸ್ಟೇ, ಮಂಜರಾಬಾದ್ ಕೋಟೆ ಮೇಲೊಂದು ಸೆಲ್ಫಿ, ಶಿರಾಡಿ ಘಾಟಿಯಲ್ಲಿ ಟ್ರಾಫಿಕ್ ಜಾಮು. ಅಲ್ಲಿ ಬದುಕೋರಿಗೆ ಆ ಬೆಟ್ಟ ಬೇರೆಯೇ. ಬೆಳಿಗ್ಗೆ ತೋಟಕ್ಕೆ ಹೋದವರು ಸಂಜೆ ವಾಪಸ್ ಬರ್ತಾರಾ ಅಂತ ಮನೆಯವರು ಕಾಯ್ಕೊಂಡು ಕೂರೋ ಊರು ಅದು.

ಮಳೆ ಶುರುವಾಯ್ತು. ಕ್ಯಾಮೆರಾ ನೆನೆಯಬಾರದು ಅಂತ ಒಂದು ಎಸ್ಟೇಟಿನ ಲೈನ್ ಮನೆ ಜಗಲಿ ಮೇಲೆ ನಿಂತ್ವಿ. ಆ ಮನೆಯ ಯಜಮಾನರು, ನಲವತ್ತರ ಆಸುಪಾಸಿನವರು, ಒಳಗೆ ಕರೆದು ಬೆಲ್ಲದ ಕಾಫಿ ಕೊಟ್ಟರು. ಮಳೆ ನಿಂತಿತು, ಹೊರಡೋಣ ಅಂತ ಎದ್ವಿ. ಗಾಳಿಗೆ ಬಾಗಿಲು ಹಾಕಿಕೊಂಡಿತ್ತು. ಚಿಲಕ ಕೂಡ ಇರಲಿಲ್ಲ, ಸುಮ್ಮನೆ ಎಳೆದರೆ ಸಾಕಿತ್ತು. ಅವರು ಹೋಗಿ ಬಾಗಿಲ ಮುಂದೆ ನಿಂತರು. ತೆಗೆಯಲಿಲ್ಲ. ಹಾಗೇ ನಿಂತಿದ್ದರು. ಅವರ ಹೆಂಡತಿ ಒಳಗಿನಿಂದ ಬಂದು, ಏನೂ ಮಾತಾಡದೆ ಬಾಗಿಲು ತೆಗೆದರು. ಅದು ಆ ಮನೆಯಲ್ಲಿ ದಿನಾ ನಡೆಯೋ ವಿಷಯ ಅಂತ ನೋಡಿದರೇ ಗೊತ್ತಾಗ್ತಿತ್ತು.

ಜಗಲಿಗೆ ಬಂದ ಮೇಲೆ ಅವರೇ ಹೇಳಿದರು. "ಒಳಗಿದ್ದೆ ಸಾರ್. ಐದು ವರ್ಷ. ಅಲ್ಲಿ ಬಾಗಿಲನ್ನ ನಾವು ಮುಟ್ಟೋ ಹಾಗಿಲ್ಲ. ಈಗಲೂ ಯಾರಾದ್ರೂ ತೆಗೀಲಿ ಅಂತ ಕೈ ಕಾಯುತ್ತೆ."

ಒಳಗೆ ಅಂದ್ರೆ ಜೈಲು. ಐದು ವರ್ಷ ವಿಚಾರಣಾಧೀನ ಕೈದಿ. ಕೊನೆಗೆ ಕೋರ್ಟು ಅವರನ್ನ ಖುಲಾಸೆ ಮಾಡಿತು. ಹೆಸರು ಹೇಳಲ್ಲ, ಊರು ಹೇಳಲ್ಲ, ಕೇಸು ಏನು ಅಂತಲೂ ಹೇಳಲ್ಲ. ಅವರು ಕೇಳಿಕೊಂಡಿದ್ದು ಅಷ್ಟೇ.

ರಾತ್ರಿ ಲೈಟ್ ಆರಿಸಿದರೆ ನಿದ್ದೆ ಬರಲ್ಲವಂತೆ. ಲೈಟ್ ಹಾಕಿದರೆ ಮಕ್ಕಳಿಗೆ ನಿದ್ದೆ ಬರಲ್ಲ. ಹಾಗಾಗಿ ಜಗಲಿಯ ಬಲ್ಬಿನ ಕೆಳಗೆ ಮಲಗ್ತಾರೆ. ಆನೆ ಓಡಾಡೋ ಊರಲ್ಲಿ ಜಗಲಿ ಮೇಲೆ! ಊಟ ಎರಡೇ ನಿಮಿಷ. ಯಾರಾದ್ರೂ ಹಿಂದಿನಿಂದ ಹೆಸರು ಹಿಡಿದು ಕರೆದರೆ ಮೈಯೆಲ್ಲಾ ಬೆವರು. ಬಟವಾಡೆ ದಿನ ಮಾತ್ರ ಒಂದು ಕ್ವಾರ್ಟರು ಕುಡಿತೀನಿ ಅಂದರು. ಹೆಂಡತಿ ನಮ್ಮ ಮುಖ ನೋಡಿದ ರೀತಿಯಲ್ಲೇ ಅದು ಬಟವಾಡೆ ದಿನ ಮಾತ್ರ ಅಲ್ಲ ಅಂತ ಗೊತ್ತಾಯ್ತು.

"ಡಾಕ್ಟ್ರಿಗೆ ತೋರಿಸಿದ್ರಾ?" ಅಂದೆ.

"ಏನಂತ ತೋರಿಸ್ಲಿ ಸಾರ್? ಗಾಯ ಇಲ್ಲ, ಜ್ವರ ಇಲ್ಲ."

ಹೊರಡುವಾಗ ಇನ್ನೊಂದು ಮಾತು ಹೇಳಿದರು. "ನಿಮ್ಮ ದನಿ ನಂಗೆ ಗೊತ್ತು. ಬ್ಯಾರಕ್‌ನಲ್ಲಿ ಟಿವಿ ಇತ್ತು. ನನ್ನನ್ನ ಹಿಡಿದ ದಿನ ನನ್ನ ಮುಖಾನೂ ಯಾವುದೋ ಚಾನೆಲ್‌ನಲ್ಲಿ ಬಂದಿತ್ತಂತೆ. ಅಮ್ಮ ನೋಡಿದ್ಲು. ಬಿಡುಗಡೆ ಆಗಿದ್ದು ಯಾರೂ ತೋರಿಸ್ಲಿಲ್ಲ."

ಅದು ಯಾವ ಚಾನೆಲ್ಲು ಅಂತ ನಾನು ಕೇಳಲಿಲ್ಲ. ಕೇಳೋ ಧೈರ್ಯ ಬರಲಿಲ್ಲ. ಇವತ್ತು ನಿಮ್ಮ ಮುಂದೆ ಈ ವಿಷಯ ಇಡ್ತಿರೋದಕ್ಕೆ ಅದೂ ಒಂದು ಕಾರಣ.

ಸರಿ, ಇದು ಒಬ್ಬರ ಕಥೆ. ಲೆಕ್ಕ ಏನು ಹೇಳುತ್ತೆ ನೋಡೋಣ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 2022ರ ಜೈಲು ಅಂಕಿಅಂಶ ಪ್ರಕಾರ ದೇಶದ ಜೈಲುಗಳಲ್ಲಿ ಇದ್ದವರು 5 ಲಕ್ಷದ 73 ಸಾವಿರ ಜನ. ಅದರಲ್ಲಿ ವಿಚಾರಣಾಧೀನ ಕೈದಿಗಳು 4 ಲಕ್ಷದ 34 ಸಾವಿರ. ನೂರಕ್ಕೆ ಎಪ್ಪತ್ತೈದಕ್ಕಿಂತ ಜಾಸ್ತಿ. ಅಂದ್ರೆ ನಾಲ್ಕರಲ್ಲಿ ಮೂರು ಜನದ ಮೇಲಿನ ಆರೋಪ ಇನ್ನೂ ಸಾಬೀತಾಗಿಲ್ಲ. ನಾವು 'ಜೈಲಿಗೆ ಹೋಗಿ ಬಂದವನು' ಅಂತ ಸಲೀಸಾಗಿ ಹೇಳ್ತೀವಲ್ಲ, ಆ ಮಾತಿನಲ್ಲಿ ಕಳ್ಳನೂ ಇದ್ದಾನೆ, ಏನೂ ಮಾಡದವನೂ ಇದ್ದಾನೆ.

ಒಳಗಿದ್ದವರ ಮನಸ್ಸಿನ ಸ್ಥಿತಿ ಏನು? ಇದಕ್ಕೆ ದೂರ ಹೋಗಬೇಕಾಗಿಲ್ಲ. ನಮ್ಮ ನಿಮ್ಹಾನ್ಸ್ ತಜ್ಞರೇ ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹದಲ್ಲಿ 5,024 ಕೈದಿಗಳನ್ನ ಪರೀಕ್ಷೆ ಮಾಡಿ 2011ರಲ್ಲಿ ವರದಿ ಕೊಟ್ಟಿದ್ದಾರೆ. ಮಾನಸಿಕ ಕಾಯಿಲೆ ಅಥವಾ ತಂಬಾಕು, ಮದ್ಯದಂಥ ಚಟದ ಸಮಸ್ಯೆ, ಎರಡನ್ನೂ ಸೇರಿಸಿದರೆ ಶೇಕಡ 79.6. ಚಟದ ಲೆಕ್ಕ ಪೂರ್ತಿ ಬಿಟ್ಟರೂ ಶೇಕಡ 27.6. ನಾಲ್ಕರಲ್ಲಿ ಒಬ್ಬರಿಗಿಂತ ಹೆಚ್ಚು ಜನಕ್ಕೆ ಚಿಕಿತ್ಸೆ ಬೇಕಾದ ಮಾನಸಿಕ ತೊಂದರೆ. ಇವರೆಲ್ಲ ಒಂದಲ್ಲ ಒಂದು ದಿನ ಹೊರಗೆ ಬರ್ತಾರೆ. ಬಂದು ಎಲ್ಲಿಗೆ ಹೋಗ್ತಾರೆ? ನಿಮ್ಮ ಊರಿಗೆ, ನನ್ನ ಊರಿಗೆ.

ಹೊರಗೆ ಬಂದ ಮೊದಲ ದಿನಗಳೇ ಅತಿ ಅಪಾಯದ ದಿನಗಳು. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಬಿಡುಗಡೆಯಾದ 30 ಸಾವಿರಕ್ಕೂ ಹೆಚ್ಚು ಜನರ ದಾಖಲೆ ತೆಗೆದು ನೋಡಿದ ಅಧ್ಯಯನ 2007ರಲ್ಲಿ ಪ್ರಕಟವಾಯ್ತು. ಬಿಡುಗಡೆಯಾದ ಮೊದಲ ಎರಡು ವಾರದಲ್ಲಿ ಸಾಯುವ ಅಪಾಯ ಆ ರಾಜ್ಯದ ಸಾಮಾನ್ಯ ಜನರಿಗಿಂತ 12 ಪಟ್ಟಿಗೂ ಹೆಚ್ಚು. ಮುಖ್ಯ ಕಾರಣ ಡ್ರಗ್ಸ್ ಓವರ್‌ಡೋಸ್. ನಮ್ಮ ಮಲೆನಾಡು ಅಮೆರಿಕ ಅಲ್ಲ, ಒಪ್ತೀನಿ. ಇಲ್ಲಿ ಡ್ರಗ್ಸ್ ಜಾಗದಲ್ಲಿ ಹೆಂಡ ಇದೆ. ಆದರೆ ಗೇಟು ದಾಟಿದ ದಿನ ಮನುಷ್ಯ ಎಷ್ಟು ಒಂಟಿ ಅನ್ನೋದು ಎಲ್ಲ ಕಡೆಯೂ ಒಂದೇ.

ನಾನು ಓದಿದ್ದು ಇಂಜಿನಿಯರಿಂಗ್. ಓದಿದ್ದು ಹೆಚ್ಚು ಕೆಲಸಕ್ಕೆ ಬರಲಿಲ್ಲ, ಆದರೆ ಲ್ಯಾಬಿನಲ್ಲಿ ನೋಡಿದ ಒಂದು ವಿಷಯ ಮರೆತಿಲ್ಲ. ಉಕ್ಕನ್ನ ಕೆಂಪಗೆ ಕಾಯಿಸಿ ತಟ್ಟನೆ ತಣ್ಣೀರಿಗೆ ಅದ್ದಿದರೆ ಅದು ಭಾರೀ ಗಟ್ಟಿ ಆಗುತ್ತೆ. ಜೊತೆಗೆ ಪೆಡಸೂ ಆಗುತ್ತೆ. ಕೆಳಗೆ ಬಿದ್ದರೆ ಗಾಜಿನ ಥರ ಒಡೆಯುತ್ತೆ. ಅದಕ್ಕೇ ಮತ್ತೊಮ್ಮೆ ಸಣ್ಣ ಶಾಖ ಕೊಟ್ಟು ನಿಧಾನಕ್ಕೆ ಹದ ಮಾಡಬೇಕು. ಪುಸ್ತಕದಲ್ಲಿ ಅದಕ್ಕೆ ಟೆಂಪರಿಂಗ್ ಅಂತಾರೆ. ತೋಟದ ಕತ್ತಿ ಮಾಡೋ ಕಮ್ಮಾರನಿಗೆ ಪುಸ್ತಕ ಬೇಡ, 'ಹದ ಹಾಕೋದು' ಅಂತಾನೆ. ಹದ ಹಾಕದ ಕತ್ತಿಯನ್ನ ಯಾವ ಕಮ್ಮಾರನೂ ಗಿರಾಕಿ ಕೈಗೆ ಕೊಡಲ್ಲ. ನಾವು ಮನುಷ್ಯರನ್ನ ಕೊಡ್ತಿದ್ದೀವಿ. ವರ್ಷಗಟ್ಟಲೆ ಒಳಗಿಟ್ಟು, ಒಂದು ದಿನ ಗೇಟು ತೆಗೆದು, ಹೋಗಪ್ಪ ಅಂತೀವಿ.

ಆ ಹದ ಹಾಕೋ ಕೆಲಸವೇ ಆಪ್ತಸಮಾಲೋಚನೆ, ಮಾನಸಿಕ ಚಿಕಿತ್ಸೆ. ಇದು ಹುಚ್ಚಿಗೆ ಕೊಡೋ ಔಷಧಿ ಅಂತ ತಿಳ್ಕೊಂಡವರು ಇನ್ನೂ ಇದ್ದಾರೆ. ಹಾಗಲ್ಲ. ತರಬೇತಿ ಪಡೆದ ಒಬ್ಬರ ಮುಂದೆ ಕೂತು ಮಾತಾಡೋದು. ನಿದ್ದೆ ಯಾಕೆ ಬರ್ತಿಲ್ಲ, ಕೋಪ ಯಾವಾಗ ಬರುತ್ತೆ, ಕುಡಿಯೋಕೆ ಮುಂಚೆ ತಲೆಯಲ್ಲಿ ಏನು ಓಡುತ್ತೆ ಅಂತ ಒಂದೊಂದಾಗಿ ಬಿಡಿಸಿಕೊಳ್ಳೋದು. ಬಾಗಿಲಿಗೆ ಹೆದರೋರಿಗೆ ಮೊದಲ ವಾರ ಬಾಗಿಲ ಹತ್ತಿರ ನಿಲ್ಲೋದು, ಮುಂದಿನ ವಾರ ಅದರ ಮೇಲೆ ಕೈ ಇಡೋದು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಅಭ್ಯಾಸ ಮಾಡಿಸೋದು. ಬೇಕಾದವರಿಗೆ ಮಾತ್ರೆ. ಎಲ್ಲರಿಗೂ ಬೇಕಾಗಲ್ಲ. ಇನ್ನೊಂದು ಮಾತು: ಜೈಲಿಂದ ಬಂದವರೆಲ್ಲ ಮನೋರೋಗಿಗಳು ಅಂತ ನಾನು ಹೇಳ್ತಿಲ್ಲ, ನೀವೂ ಹಾಗೆ ಅಂದುಕೊಳ್ಳಬೇಡಿ. ಬೇಕಾದವರಿಗೆ ಸಿಗಬೇಕು, ಅಷ್ಟೇ.

ಈಗ ಪ್ರಶ್ನೆ. ಇದಕ್ಕೆಲ್ಲಾ ದುಡ್ಡು ಯಾರು ಕೊಡ್ತಾರೆ?

ಇಲ್ಲೇ ನನಗೆ ಆಶ್ಚರ್ಯ ಆಗಿದ್ದು. ಕಾನೂನು ಆಗಲೇ ಇದೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ. ಅದರ 18ನೇ ಸೆಕ್ಷನ್ ಪ್ರಕಾರ ಸರ್ಕಾರ ನಡೆಸುವ ಮಾನಸಿಕ ಆರೋಗ್ಯ ಸೇವೆ ಪ್ರತಿಯೊಬ್ಬರ ಹಕ್ಕು. ಬಡತನ ರೇಖೆಗಿಂತ ಕೆಳಗಿರೋರಿಗೆ, ಬಿಪಿಎಲ್ ಕಾರ್ಡ್ ಇರಲಿ ಇಲ್ಲದಿರಲಿ, ಮನೆಮಠ ಇಲ್ಲದವರಿಗೆ ಅದು ಪೂರ್ತಿ ಉಚಿತ. 103ನೇ ಸೆಕ್ಷನ್ ಕೈದಿಗಳ ಬಗ್ಗೆಯೇ ಇದೆ. ಪ್ರತಿ ರಾಜ್ಯದಲ್ಲಿ ಕನಿಷ್ಠ ಒಂದು ಜೈಲಿನ ವೈದ್ಯಕೀಯ ವಿಭಾಗದಲ್ಲಿ ಮಾನಸಿಕ ಚಿಕಿತ್ಸಾ ಕೇಂದ್ರ ಇರಬೇಕು ಅನ್ನುತ್ತೆ. ಚಿಕಿತ್ಸೆ ಪಡೆಯೋರ ವಿಷಯ ಗುಟ್ಟಾಗಿ ಇಡಬೇಕು. 24ನೇ ಸೆಕ್ಷನ್ ನನ್ನಂಥವರಿಗೆ ಬರೆದದ್ದು: ಚಿಕಿತ್ಸೆಯಲ್ಲಿರುವವರ ಫೋಟೋ, ವಿವರ ಅವರ ಒಪ್ಪಿಗೆ ಇಲ್ಲದೆ ಮಾಧ್ಯಮಕ್ಕೆ ಕೊಡೋ ಹಾಗಿಲ್ಲ.

ಕಾನೂನು ಮಾತ್ರ ಅಲ್ಲ, ವ್ಯವಸ್ಥೆಯೂ ಇದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಅಂತ 1996ರಲ್ಲಿ ದೇಶಕ್ಕೆ ಬಂತಲ್ಲ, ಅದಕ್ಕೆ ಮಾದರಿ ಎಲ್ಲಿಂದ? ನಮ್ಮ ಬಳ್ಳಾರಿಯಿಂದ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದ್ದನ್ನೇ ದೇಶ ತಗೊಂಡಿದ್ದು. ಮನೋಚೈತನ್ಯ ಅಂತ ಕಾರ್ಯಕ್ರಮ ಇದೆ. ಮಂಗಳವಾರದ ದಿನ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರಬೇಕು ಅನ್ನೋದು ಅದರ ಲೆಕ್ಕ. ಸಕಲೇಶಪುರದಲ್ಲಿ ಕ್ರಾಫರ್ಡ್ ಆಸ್ಪತ್ರೆ ಇದೆ, ಆಲೂರಿನಲ್ಲಿ ತಾಲ್ಲೂಕು ಆಸ್ಪತ್ರೆ ಇದೆ, ಹಾಸನದಲ್ಲಿ ಹಿಮ್ಸ್ ಇದೆ. ಇದು ಯಾವುದೂ ಬೇಡ, ಫೋನು ಸಾಕು ಅನ್ನೋರಿಗೆ ಟೆಲಿ ಮನಸ್ ಇದೆ. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು ಶುರುವಾಯ್ತು. ನಂಬರು 14416. ದಿನದ 24 ಗಂಟೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಮತ್ತೆ ಆ ಲೈನ್ ಮನೆಯ ಯಜಮಾನರಿಗೆ ಇದರಲ್ಲಿ ಒಂದಾದ್ರೂ ಯಾಕೆ ತಲುಪಲಿಲ್ಲ?

ಅಲ್ಲಿಂದಲೇ ನೋಡಿ. ಮೂಲೆ ಎಸ್ಟೇಟಿನಿಂದ ಮುಖ್ಯ ರಸ್ತೆಗೆ ನಡೆಯಬೇಕು. ಬಸ್ಸು ಬೆಳಿಗ್ಗೆ ಒಂದು, ಸಂಜೆ ಒಂದು. ಸಕಲೇಶಪುರದಿಂದ ಹಾಸನಕ್ಕೇ ಸುಮಾರು 40 ಕಿಲೋಮೀಟರು. ಆಸ್ಪತ್ರೆಗೆ ಹೋದ ದಿನ ಕೂಲಿ ಇಲ್ಲ. ಕಾಫಿ ಕೊಯ್ಲಿನ ಕಾಲದಲ್ಲಿ ಒಂದು ದಿನದ ಕೂಲಿ ಬಿಡೋದು ಅಂದ್ರೆ ತಮಾಷೆ ಅಲ್ಲ. ಚಿಕಿತ್ಸೆ ಒಂದು ದಿನಕ್ಕೆ ಮುಗಿಯಲ್ಲ, ವಾರವಾರ ಹೋಗಬೇಕು. 'ಉಚಿತ' ಅಂತ ಬೋರ್ಡು ಹಾಕಿದರೂ ಬಡವನಿಗೆ ಅದು ಉಚಿತ ಅಲ್ಲ. ಇದು ಒಂದು.

ಎರಡನೇದು, ಕಾಗದ. ಒಳಗಿದ್ದಾಗ ಮಾತ್ರೆ ತಗೊಳ್ತಿದ್ದವನು ಹೊರಗೆ ಬರುವಾಗ ಕೈಯಲ್ಲಿ ಏನಿರಬೇಕು? ಯಾವ ಮಾತ್ರೆ, ಎಷ್ಟು, ಮುಂದೆ ಯಾರನ್ನ ನೋಡಬೇಕು ಅನ್ನೋ ಒಂದು ಚೀಟಿ. ಆ ಚೀಟಿ ಇಲ್ಲದಿದ್ದರೆ ಚಿಕಿತ್ಸೆ ಗೇಟಿನ ಹತ್ತಿರವೇ ನಿಂತುಹೋಗುತ್ತೆ.

ಮೂರನೇದು ನಾಚಿಕೆ. ಸಣ್ಣ ಊರು. ಮಂಗಳವಾರ ಆಸ್ಪತ್ರೆಯ ಆ ಕೋಣೆ ಮುಂದೆ ಕೂತರೆ ಸಂತೆಯ ಹೊತ್ತಿಗೆ ಊರಿಗೆಲ್ಲಾ ಗೊತ್ತು. ಜೈಲಿನವನು ಅನ್ನೋ ಹೆಸರು ಆಗಲೇ ಇದೆ, ಅದರ ಮೇಲೆ ಹುಚ್ಚ ಅನ್ನೋ ಹೆಸರೂ ಬೇಕಾ? ಎರಡು ಹಣೆಪಟ್ಟಿ ಹೊರೋ ಬದಲು ಕ್ವಾರ್ಟರೇ ಸುಲಭ ಅನ್ಸುತ್ತೆ.

ನಾನು ಅಲ್ಲಿಗೆ ಹೋಗಿದ್ದು ಆನೆ ಸುದ್ದಿಗೆ ಅಂತ ಹೇಳಿದೆ ಅಲ್ವಾ? ಆ ಕಾಡಾನೆಗಳ ಕುತ್ತಿಗೆಗೆ ಅರಣ್ಯ ಇಲಾಖೆ ರೇಡಿಯೋ ಕಾಲರ್ ಹಾಕುತ್ತೆ. ಆನೆ ಯಾವ ತೋಟದಲ್ಲಿದೆ, ಯಾವ ಕಡೆ ಹೊರಟಿದೆ ಅಂತ ಜನರ ಮೊಬೈಲಿಗೆ ಮೆಸೇಜು ಬರುತ್ತೆ. ತಂಡ ಹಿಂದೆ ಓಡಾಡುತ್ತೆ. ಬೇಕು, ಖಂಡಿತ ಬೇಕು. 2023ರ ಡಿಸೆಂಬರ್‌ನಲ್ಲಿ ಸಕಲೇಶಪುರದ ಯಸಳೂರು ವಲಯದಲ್ಲೇ ನಮ್ಮ ದಸರಾ ಆನೆ ಅರ್ಜುನ ಕಾರ್ಯಾಚರಣೆಯಲ್ಲಿ ಪ್ರಾಣ ಬಿಟ್ಟ. ಅಲ್ಲಿನ ಅಪಾಯ ಎಂಥದ್ದು ಅಂತ ರಾಜ್ಯಕ್ಕೇ ಗೊತ್ತು. ಆದರೆ ನೋಡಿ, ಒಂದು ಕಾಡುಪ್ರಾಣಿಯನ್ನ ಹಿಡಿದು ಬಿಟ್ಟ ಮೇಲೆ ಅದು ಹೇಗಿದೆ, ಎಲ್ಲಿದೆ ಅಂತ ವಿಚಾರಿಸೋ ವ್ಯವಸ್ಥೆ ನಾವು ಕಟ್ಟಿದ್ದೀವಿ. ಅದೇ ಬೆಟ್ಟದ ಒಬ್ಬ ಮನುಷ್ಯನನ್ನ ಐದು ವರ್ಷ ಹಿಡಿದಿಟ್ಟು ಬಿಟ್ಟ ಮೇಲೆ, ಹೇಗಿದ್ದೀಯಪ್ಪ ಅಂತ ಕೇಳೋಕೆ ಒಬ್ಬರಿಲ್ಲ. ಮನುಷ್ಯನಿಗೂ ಕಾಲರ್ ಹಾಕಿ ಅಂತ ಹೇಳ್ತಿಲ್ಲ. ಒಂದು ಫೋನ್ ಮಾಡಿ ಅಂತಿದ್ದೀನಿ.

ನಿಮ್ಮಲ್ಲಿ ಕೆಲವರಿಗೆ ಈಗ ಕೋಪ ಬಂದಿರುತ್ತೆ. "ಏನ್ರೀ, ಕೊಲೆ ಮಾಡಿದವನಿಗೆ ಉಚಿತ ಚಿಕಿತ್ಸೆ, ಸತ್ತವನ ಮನೆಯವರಿಗೆ ಏನಿದೆ?" ಅಂತ. ನ್ಯಾಯವಾದ ಪ್ರಶ್ನೆ. ಅದನ್ನ ನಾನು ತಳ್ಳಿಹಾಕಲ್ಲ.

ಮೊದಲನೇ ಮಾತು, ನೊಂದವರಿಗೆ ಇದು ಮೊದಲು ಸಿಗಬೇಕು. 14416 ಅವರಿಗೂ ಇದೆ, ಅದೇ ಕಾಯ್ದೆ ಅವರಿಗೂ ಇದೆ. ಕರ್ನಾಟಕದಲ್ಲಿ ಸಂತ್ರಸ್ತರ ಪರಿಹಾರ ಯೋಜನೆ ಇದೆ, ಕಾನೂನು ಸೇವಾ ಪ್ರಾಧಿಕಾರದ ಮೂಲಕ ಕೇಳಬಹುದು. ಎಷ್ಟು ಜನಕ್ಕೆ ಗೊತ್ತು? ಒಬ್ಬರ ತಟ್ಟೆಯಿಂದ ಕಿತ್ತು ಇನ್ನೊಬ್ಬರಿಗೆ ಬಡಿಸಿ ಅಂತ ಯಾರೂ ಹೇಳ್ತಿಲ್ಲ.

ಎರಡನೇದು, ಚಿಕಿತ್ಸೆ ಅಂದ್ರೆ ಕ್ಷಮೆ ಅಲ್ಲ. ಶಿಕ್ಷೆ ಕೊಡೋದು ಕೋರ್ಟು, ಅದು ಮುಗಿದ ಮೇಲೆ ಊರು ಇನ್ನೊಂದು ಶಿಕ್ಷೆ ಕೊಡೋ ಹಾಗಿಲ್ಲ. ಮೂರನೇದು, ಸ್ವಾರ್ಥದಿಂದಲೇ ಯೋಚನೆ ಮಾಡಿ. ನಿದ್ದೆ ಇಲ್ಲದ, ಕೆಲಸ ಇಲ್ಲದ, ಕುಡಿಯೋ, ಸಿಟ್ಟಿನ ಮನುಷ್ಯ ನಿಮ್ಮ ಪಕ್ಕದ ಮನೆಯಲ್ಲಿ ಇರೋದು ಒಳ್ಳೇದಾ? ಅಥವಾ ವಾರಕ್ಕೊಂದು ಸಲ ಒಬ್ಬರ ಹತ್ತಿರ ಮಾತಾಡಿ, ನಿದ್ದೆ ಮಾಡಿ, ಬೆಳಿಗ್ಗೆ ಕೆಲಸಕ್ಕೆ ಹೋಗೋ ಮನುಷ್ಯ ಇರೋದು ಒಳ್ಳೇದಾ? ಅವನ ಹೆಂಡತಿ ಮಕ್ಕಳು ಯಾವ ತಪ್ಪು ಮಾಡಿದ್ದಾರೆ?

ಬದಲಾವಣೆ ಆಗಲ್ಲ ಅನ್ನೋರಿಗೆ ನಮ್ಮದೇ ಉದಾಹರಣೆ ಇದೆ. ಮೈಸೂರು ರಂಗಾಯಣದ ಕಲಾವಿದ ಹುಲುಗಪ್ಪ ಕಟ್ಟೀಮನಿ ಅವರು ಕೈದಿಗಳಿಗೆ ರಂಗಭೂಮಿ ಕಲಿಸಿದರು. ಗಿರೀಶ್ ಕಾರ್ನಾಡರ 'ತಲೆದಂಡ'ವನ್ನ ಕೈದಿಗಳೇ ಆಡಿದರು, ಜೈಲಿನ ಹೊರಗಿನ ವೇದಿಕೆಗೂ ಬಂದು ಆಡಿದರು. ತಾನು ಮಾಡಿದ ತಪ್ಪನ್ನ ಇನ್ನೊಬ್ಬರ ಪಾತ್ರದಲ್ಲಿ ನಿಂತು ನೋಡೋದು ಅಂದ್ರೆ ಅದೂ ಒಂದು ಚಿಕಿತ್ಸೆಯೇ. ಗೋಡೆಯ ಒಳಗೆ ಇಷ್ಟು ಸಾಧ್ಯವಾದರೆ ಗೋಡೆಯ ಹೊರಗೆ ಯಾಕೆ ಸಾಧ್ಯವಿಲ್ಲ?

ಡಾಕ್ಟರ್‌ಗಳೇ ಇಲ್ಲವಲ್ಲ ಅಂತೀರಾ? ಆಫ್ರಿಕಾದ ಜಿಂಬಾಬ್ವೆಯಲ್ಲೂ ಇರಲಿಲ್ಲ. 2006ರಲ್ಲಿ ಡಿಕ್ಸನ್ ಚಿಬಾಂಡ ಅನ್ನೋ ಮನೋವೈದ್ಯರು ಊರಿನ ಅಜ್ಜಿಯರಿಗೆ ತರಬೇತಿ ಕೊಟ್ಟು, ಕ್ಲಿನಿಕ್ಕಿನ ಅಂಗಳದಲ್ಲಿ ಒಂದು ಬೆಂಚು ಹಾಕಿ ಕೂರಿಸಿದರು. ನೊಂದವರು ಬಂದು ಅಜ್ಜಿ ಪಕ್ಕ ಕೂತು ಮಾತಾಡೋದು. 'ಫ್ರೆಂಡ್‌ಶಿಪ್ ಬೆಂಚ್' ಅಂತ ಅದರ ಹೆಸರು. 2016ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅದರಿಂದ ಖಿನ್ನತೆ ಕಡಿಮೆಯಾಗಿದ್ದು ಸಾಬೀತಾಯ್ತು. ಅರಳಿಕಟ್ಟೆ ಇರೋ ನಾಡಿಗೆ ಬೆಂಚು ಹೊಸದಾ? ನಮ್ಮ ಆಶಾ ಕಾರ್ಯಕರ್ತೆಯರು ಲೈನ್ ಮನೆ ಲೈನ್ ಮನೆಗೂ ಹೋಗ್ತಾರೆ. ಅವರಿಗೆ ತರಬೇತಿ ಕೊಡಿ, ಆ ಕೆಲಸಕ್ಕೆ ತಕ್ಕ ದುಡ್ಡೂ ಕೊಡಿ. ಪುಕ್ಕಟೆ ಕೆಲಸ ಇನ್ನೊಂದು ಹೊರಿಸಬೇಡಿ.

ಹಾಗಾದ್ರೆ ಏನು ಮಾಡಬೇಕು? ದೊಡ್ಡ ಯೋಜನೆ ಬೇಡ, ಶಿಲಾನ್ಯಾಸ ಬೇಡ. ನಾಲ್ಕೇ ನಾಲ್ಕು ಕೆಲಸ.

ಬಿಡುಗಡೆಯಾಗೋ ಪ್ರತಿಯೊಬ್ಬರ ಕೈಗೂ ಒಂದು ಹಾಳೆ ಕೊಡಿ. ಚಿಕಿತ್ಸೆಯ ವಿವರ, ಹತ್ತಿರದ ತಾಲ್ಲೂಕು ಆಸ್ಪತ್ರೆ, ಮನೋವೈದ್ಯರು ಬರೋ ದಿನ, 14416, ಉಚಿತ ಕಾನೂನು ನೆರವಿನ ನಂಬರ್ 15100. ಓದೋಕೆ ಬಾರದವರಿಗೆ ಓದಿ ಹೇಳಿ. ಖರ್ಚು ಎಷ್ಟು? ಒಂದು ಹಾಳೆ.

ಆಸ್ಪತ್ರೆಗೆ ಬರೋಕೆ ಬಸ್ ಚಾರ್ಜು ಕೊಡಿ. ಮೊದಲ ಮೂರು ತಿಂಗಳು, ವಾರಕ್ಕೊಮ್ಮೆ ಸಾಕು.

ಜಿಲ್ಲಾ ಮಾನಸಿಕ ಆರೋಗ್ಯ ತಂಡದಿಂದ ಒಬ್ಬರು ಮೊದಲ ವಾರದಲ್ಲೇ ಒಂದು ಫೋನ್ ಮಾಡಲಿ. ಪೊಲೀಸ್ ಫೋನ್ ಅಲ್ಲ. ದಯವಿಟ್ಟು ಪೊಲೀಸ್ ಫೋನ್ ಬೇಡ.

ನಾಲ್ಕನೇದು ಬೆಳೆಗಾರರಿಗೆ. ಸಕಲೇಶಪುರ, ಆಲೂರಿನ ತೋಟಗಳಲ್ಲಿ ಆಳು ಸಿಗಲ್ಲ ಅಂತ ವರ್ಷವೂ ಕೇಳ್ತೀವಿ. ಕೋರ್ಟು ಬಿಟ್ಟು ಕಳಿಸಿದವರಿಗೆ, ಶಿಕ್ಷೆ ಮುಗಿಸಿ ಬಂದವರಿಗೆ ಕೆಲಸ ಕೊಡಿ. ಆಸ್ಪತ್ರೆಗೆ ಹೋಗೋ ಆ ಅರ್ಧ ದಿನದ ಕೂಲಿ ಹಿಡಿಯಬೇಡಿ. ಎಷ್ಟೇ ಒಳ್ಳೆ ಚಿಕಿತ್ಸೆ ಕೊಟ್ಟರೂ ಕೆಲಸ, ಮನೆ ಇಲ್ಲದಿದ್ದರೆ ನಿಲ್ಲಲ್ಲ.

ಐದನೇದು ನಮಗೆ, ಮಾಧ್ಯಮದವರಿಗೆ. ಬಂಧನವಾದ ದಿನ ಮುಖಕ್ಕೆ ಕೆಂಪು ರಿಂಗು ಹಾಕಿ, ಹಿಂದೆ ಮ್ಯೂಸಿಕ್ ಹಾಕಿ, 'ಹಂತಕ' ಅಂತ ಕೂಗಿದವರಲ್ಲಿ ನಾನೂ ಒಬ್ಬ. ಹೊಸದಾಗಿ ಸೇರಿದಾಗ ಹಾಗೆ ಕೂಗೋದೇ ಕೆಲಸ ಅಂದುಕೊಂಡಿದ್ದೆ. 'ಆರೋಪಿ' ಅನ್ನೋದಕ್ಕೂ 'ಅಪರಾಧಿ' ಅನ್ನೋದಕ್ಕೂ ಇರೋ ವ್ಯತ್ಯಾಸ ಒಂದು ಮನೆಯ ಬದುಕು. ಈ ಕಾರ್ಯಕ್ರಮದಲ್ಲಿ ಇನ್ನು ಮುಂದೆ ನಾವು ಬಂಧನ ತೋರಿಸಿದ ಕೇಸಿನಲ್ಲಿ ಖುಲಾಸೆ ಆದರೆ, ಅದನ್ನೂ ಅಷ್ಟೇ ಹೊತ್ತು ತೋರಿಸ್ತೀವಿ. ತಪ್ಪಿದರೆ ನೀವು ಕೇಳಿ.

ಆ ಯಜಮಾನರಿಗೆ ಹೊರಡುವಾಗ 14416 ಬರೆದುಕೊಟ್ಟು ಬಂದಿದ್ದೆ. ಎರಡು ತಿಂಗಳಾದ ಮೇಲೆ ಫೋನ್ ಮಾಡಿದರು. ನಂಬರಿಗೆ ಮಾತಾಡಿದ್ದು ಅವರಲ್ಲವಂತೆ, ಮೊದಲು ಹೆಂಡತಿ ಮಾತಾಡಿದ್ದಂತೆ. ಆಮೇಲೆ ಇಬ್ಬರೂ ಎರಡು ಮಂಗಳವಾರ ಆಸ್ಪತ್ರೆಗೆ ಹೋಗಿ ಬಂದಿದ್ದಾರೆ. ಒಂದು ಸಲ ಡಾಕ್ಟ್ರು ಸಿಕ್ಕಿದರು, ಒಂದು ಸಲ ಸಿಗಲಿಲ್ಲ. ರಾತ್ರಿ ನಾಲ್ಕು ಗಂಟೆ ನಿದ್ದೆ ಬರ್ತಿದೆ ಅಂದರು.

"ಬಾಗಿಲು?" ಅಂತ ಕೇಳಿದೆ.

"ಇನ್ನೂ ಆಗ್ತಿಲ್ಲ ಸಾರ್. ಆದ್ರೆ ಒಳಗಡೆ ಮಲಗ್ತಿದ್ದೀನಿ" ಅಂದರು.

ನಿಮ್ಮ ಮನೆಯಲ್ಲಿ, ನಿಮ್ಮ ಕೇರಿಯಲ್ಲಿ ಇಂಥವರು ಯಾರಾದ್ರೂ ಇದ್ದರೆ ಆ ನಂಬರ್ ಕೊಡಿ. ಇನ್ನೊಂದ್ಸಲ ಹೇಳ್ತೀನಿ: ಒಂದು, ನಾಲ್ಕು, ನಾಲ್ಕು, ಒಂದು, ಆರು. ನಂಬರ್ ಕೊಟ್ಟು ಸುಮ್ಮನಾಗಬೇಡಿ, ಮೊದಲ ಸಲ ಪಕ್ಕದಲ್ಲೇ ಕೂತು ಡಯಲ್ ಮಾಡಿಕೊಡಿ.